ರಿಫ್ರಾಕ್ಟೋಮೀಟರ್ ಒಂದು ಹೇಳುತ್ತದೆ, ಹೈಡ್ರೋಮೀಟರ್ ಇನ್ನೊಂದು: ಉಪ್ಪುನೀರಿನ ಟ್ಯಾಂಕಿಗೆ ಯಾವುದನ್ನು ನಂಬಬೇಕು?

ಜಯನಗರದ ಟ್ಯಾಂಕ್:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಮೀನು ಮಾತ್ರ. ಒಂದು ಜೋಡಿ ಕ್ಲೌನ್, ಒಂದು ಡ್ಯಾಮ್ಸೆಲ್, ಒಂದಿಷ್ಟು ಕಲ್ಲು. ಇಲ್ಲಿಯವರೆಗೆ ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಬಳಸುತ್ತಿದ್ದೆ. ಅದು ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು) 1.023 ತೋರಿಸುತ್ತದೆ. ಈಗ ಕೈಯಲ್ಲಿ ಹಿಡಿದು ಬೆಳಕಿಗೆ ನೋಡುವ ರಿಫ್ರಾಕ್ಟೋಮೀಟರ್ ತರಿಸಿದ್ದೇನೆ. ಅಡುಗೆಮನೆಯ ಆರ್‌ಒ ನೀರು ಹಾಕಿ ಸೊನ್ನೆಗೆ ಕೂರಿಸಿದೆ. ಟ್ಯಾಂಕಿನ ನೀರು ಹಾಕಿದರೆ 37 ಪಿಪಿಟಿ (ಒಂದು ಕಿಲೋ ನೀರಿನಲ್ಲಿ 37 ಗ್ರಾಂ ಉಪ್ಪು), ಪಕ್ಕದ ಗೆರೆಯಲ್ಲಿ 1.028! ಅಂಗಡಿಯವರ ಡಿಜಿಟಲ್ ಮೀಟರ್ 35 ಹೇಳಿತು.

ನನಗೆ ಬೇಕಾದದ್ದು ಸಮುದ್ರದ ನೀರಿನಂತೆ 35. ಹೈಡ್ರೋಮೀಟರ್ ನಂಬಿದರೆ ಉಪ್ಪು ಹಾಕಬೇಕು, ರಿಫ್ರಾಕ್ಟೋಮೀಟರ್ ನಂಬಿದರೆ ಸಿಹಿನೀರು ಹಾಕಬೇಕು. ಎರಡೂ ಮಾಡದೆ ಕೂತಿದ್ದೇನೆ. ಗೊತ್ತಿರುವವರು ಹೇಳಿ.

ಕ್ಲೌನ್‌ಪ್ರಿಯ:
ಏನೂ ಮಾಡದೆ ಕೂತಿದ್ದು ಒಳ್ಳೆಯದಾಯಿತು. ಮೊದಲು ಆ ಪ್ಲಾಸ್ಟಿಕ್ ಹೈಡ್ರೋಮೀಟರನ್ನು ಪಕ್ಕಕ್ಕಿಡಿ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಅದು ಮೇಲೇಳುತ್ತದೆ, ಉಪ್ಪು ಒಣಗಿ ಕೂತರೆ ಕೆಳಗಿಳಿಯುತ್ತದೆ. ನಿಮ್ಮದು ಕಡಿಮೆ ತೋರಿಸುತ್ತಿದೆ ಅಂದರೆ ಮುಳ್ಳಿನ ಮೇಲೆ ಉಪ್ಪು, ಸುಣ್ಣ ಕೂತಿರಬಹುದು. ಬಿಳಿ ವಿನೆಗರ್‌ನಲ್ಲಿ ನೆನೆಸಿ ತೊಳೆದು ನೋಡಿ.

ಕುಮಟಾ ಸಿಗಡಿ:
ರಿಫ್ರಾಕ್ಟೋಮೀಟರನ್ನೇ ನಂಬಿ. ನಮ್ಮದು ಸಿಗಡಿ ಹೊಂಡ. ಇಲ್ಲಿ ಎಲ್ಲರ ಹತ್ತಿರ ಇರುವುದೂ ಇದೇ ಮೀಟರ್. ಸಿಹಿನೀರು ಹಾಕು, ಸೊನ್ನೆ ಮಾಡು, ಹೊಂಡದ ನೀರು ಹಾಕು, ಓದು. ಇಷ್ಟೇ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ?

ಫಿಸಿಕ್ಸ್ ಮೇಡಂ:
ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಇದೆ ಸರ್. ಈ ಮೀಟರ್ ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ಬೆಳಕು ಆ ನೀರಿನಲ್ಲಿ ಎಷ್ಟು ಬಾಗುತ್ತದೆ ಅನ್ನುವುದನ್ನು ಮಾತ್ರ ನೋಡುತ್ತದೆ. ಶಾಲೆಯಲ್ಲಿ ಓದಿದ ವಕ್ರೀಭವನವೇ ಇದು. 20 ಡಿಗ್ರಿಯಲ್ಲಿ ಶುದ್ಧ ನೀರಿನ ವಕ್ರೀಭವನ ಸೂಚ್ಯಂಕ 1.3330. 35 ಪಿಪಿಟಿ ಸಮುದ್ರದ ನೀರಿನದು ಸುಮಾರು 1.3394. ಇಡೀ ಆಟ ನಡೆಯುವುದು ಈ ಸಣ್ಣ ಅಂತರದಲ್ಲಿ.

ಇನ್ನು ಮುಖ್ಯ ಸಂಗತಿ. ಸಮುದ್ರದ ನೀರಿನಲ್ಲಿ ಬರೀ ಅಡುಗೆ ಉಪ್ಪು ಇರುವುದಿಲ್ಲ. ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಇವೆ. ಅಷ್ಟೇ ತೂಕದ ಅಡುಗೆ ಉಪ್ಪಿನ ನೀರಿಗೂ ಸಮುದ್ರದ ನೀರಿಗೂ ಬೆಳಕು ಬಾಗುವುದರಲ್ಲಿ ವ್ಯತ್ಯಾಸ ಇದೆ. ಕಡಿಮೆ ಬೆಲೆಯ ಬಹಳಷ್ಟು ಮೀಟರುಗಳ ಗೆರೆ ಹಾಕಿರುವುದು ಅಡುಗೆ ಉಪ್ಪಿನ ನೀರಿಗೆ. ಅಂಥ ಮೀಟರನ್ನು ಸರಿಯಾಗಿ ಸೊನ್ನೆ ಮಾಡಿ, ನಿಜವಾದ 35 ಪಿಪಿಟಿ ಸಮುದ್ರದ ನೀರು ಹಾಕಿದರೆ ಅದು 36.5ರ ಹತ್ತಿರ ತೋರಿಸುತ್ತದೆ. ಜಯನಗರದವರ 37 ಇಲ್ಲಿಂದಲೇ ಬಂದಿರಬಹುದು.

ಜಯನಗರದ ಟ್ಯಾಂಕ್:
ಮೇಡಂ, ಡಬ್ಬಿಯ ಮೇಲೆ "ಸಲಿನಿಟಿ" ಅಂತಲೇ ಬರೆದಿದೆ. ಸಮುದ್ರದ ನೀರಿಗೋ ಬರೀ ಉಪ್ಪಿಗೋ ಅಂತ ಹೇಗೆ ತಿಳಿಯುವುದು?

ಫಿಸಿಕ್ಸ್ ಮೇಡಂ:
ಡಬ್ಬಿ ನೋಡಿ ತಿಳಿಯುವುದಿಲ್ಲ. 35 ಪಿಪಿಟಿಯ ಸ್ಟ್ಯಾಂಡರ್ಡ್ ದ್ರಾವಣ ಹಾಕಿ ನೋಡಬೇಕು. ಮೊದಲು ಸೊನ್ನೆ ಮಾಡಿ, ಆಮೇಲೆ ದ್ರಾವಣ ಹಾಕಿ. 35 ತೋರಿಸಿದರೆ ಸಮುದ್ರದ ನೀರಿನ ಮೀಟರ್. 36.5 ತೋರಿಸಿದರೆ ಬರೀ ಉಪ್ಪಿನದು. ಇವೆರಡೂ ಅಲ್ಲದೆ 33, 39 ಅಂತ ಏನಾದರೂ ಬಂದರೆ ಗೆರೆಯೇ ಸರಿ ಇಲ್ಲ, ವಾಪಸ್ ಕಳಿಸಿ.

ಕುಮಟಾ ಸಿಗಡಿ:
ಇಷ್ಟು ವರ್ಷ ಯಾವ ದ್ರಾವಣವೂ ಇಲ್ಲದೆ ಸಿಗಡಿ ಬೆಳೆಸಿದ್ದೇವೆ ಮೇಡಂ. ಸತ್ತಿಲ್ಲ.

ಕ್ಲೌನ್‌ಪ್ರಿಯ:
ಅಣ್ಣ, ನಿಮ್ಮ ಹೊಂಡದಲ್ಲಿ ಎಷ್ಟು ಪಿಪಿಟಿ ಇರುತ್ತದೆ?

ಕುಮಟಾ ಸಿಗಡಿ:
ಕಾಲಕ್ಕೆ ತಕ್ಕಂತೆ. 10, 15, 20. ಬೇಸಿಗೆಯಲ್ಲಿ ಇನ್ನೂ ಮೇಲೆ. ಮಳೆಗಾಲದಲ್ಲಿ ಅಘನಾಶಿನಿ ತುಂಬಿ ಬಂದಾಗ ಹೊಳೆಯ ನೀರು ಬಹುತೇಕ ಸಿಹಿಯೇ.

ಕ್ಲೌನ್‌ಪ್ರಿಯ:
ಅದಕ್ಕೇ ನಿಮಗೆ ತೊಂದರೆ ಆಗಿಲ್ಲ. ಈ ತಪ್ಪು ಸೊನ್ನೆಯ ಹತ್ತಿರ ಕಡಿಮೆ, ಮೇಲೆ ಹೋದಂತೆ ಜಾಸ್ತಿ. 15ರಲ್ಲಿ ವ್ಯತ್ಯಾಸ ಅರ್ಧ ಪಿಪಿಟಿಗಿಂತ ಸ್ವಲ್ಪವೇ ಜಾಸ್ತಿ. ಜೊತೆಗೆ ವನ್ನಾಮಿ ಸಿಗಡಿ ಬಹಳ ಅಗಲದ ಉಪ್ಪಿನಂಶ ತಡೆದುಕೊಳ್ಳುತ್ತದೆ. ನೀವು ಮಾಡುತ್ತಿರುವುದು ನಿಮ್ಮ ಕೆಲಸಕ್ಕೆ ಸರಿ. 35ರಲ್ಲಿ ಟ್ಯಾಂಕ್ ಇಡುವವರಿಗೆ ಅದು ಸಾಲದು.

ಕುಮಟಾ ಸಿಗಡಿ:
ಹ್ಞಾಂ, ಇದು ಒಪ್ಪುವ ಮಾತು. ಹೀಗೆ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ.

ನಿಧಾನಿ:
ಒಂದೂವರೆ ಪಿಪಿಟಿ ವ್ಯತ್ಯಾಸಕ್ಕೆ ಮೀನು ಸಾಯುವುದಿಲ್ಲ. ಬರೀ ಮೀನು ಇಟ್ಟವರು 1.021ರಲ್ಲೂ ಚೆನ್ನಾಗಿ ಸಾಕುತ್ತಾರೆ. ಸುಮ್ನೆ ಗಾಬರಿ ಹುಟ್ಟಿಸಬೇಡಿ.

ಕ್ಲೌನ್‌ಪ್ರಿಯ:
ಸಾಯುವುದಿಲ್ಲ, ನಿಜ. ಆದರೆ ಇಲ್ಲಿ ಒಂದು ಮೀಟರ್ 1.023, ಇನ್ನೊಂದು 1.028 ಹೇಳುತ್ತಿದೆ. ಪಿಪಿಟಿಯಲ್ಲಿ ಲೆಕ್ಕ ಹಾಕಿದರೆ 31ಕ್ಕೂ 37ಕ್ಕೂ ಇರುವ ಅಂತರ. ತಪ್ಪು ಕಡೆ ನಂಬಿ ಒಂದೇ ದಿನ ಉಪ್ಪು ಸುರಿದರೆ ಮೀನಿಗೆ ಹಿಂಸೆ ಅಲ್ವಾ? ಉಪ್ಪು ಇಳಿಯುವುದನ್ನು ಮೀನು ಸ್ವಲ್ಪ ತಡೆದುಕೊಳ್ಳುತ್ತದೆ, ಥಟ್ಟನೆ ಏರುವುದನ್ನು ತಡೆಯುವುದಿಲ್ಲ. ಸರಿಯಾದ ಸಂಖ್ಯೆ ಗೊತ್ತಿರಲೇಬೇಕು.

ಮಲ್ಪೆ ಕಡಲು:
ಇಷ್ಟೆಲ್ಲ ಯಾಕೆ ಮಾರಾಯ್ರೇ, ಕಡಲಿನ ನೀರು ತಂದು ಅದಕ್ಕೆ ಮೀಟರ್ ಹೊಂದಿಸಿದರೆ ಆಯಿತಲ್ಲ? ಕಡಲು ಅಂದರೆ 35.

ಫಿಸಿಕ್ಸ್ ಮೇಡಂ:
ದಡದ ನೀರು 35 ಇರಲೇಬೇಕು ಅಂತಿಲ್ಲ. ಮಲ್ಪೆಯ ಪಕ್ಕದಲ್ಲೇ ಉದ್ಯಾವರ ಹೊಳೆ ಸಮುದ್ರ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಯ ಹತ್ತಿರದ ನೀರಿಗೆ ಯಾವ ಭರವಸೆಯೂ ಇಲ್ಲ. ಮಂಗಳೂರಿನಲ್ಲಿ ನೇತ್ರಾವತಿ, ಕಾರವಾರದಲ್ಲಿ ಕಾಳಿ, ಎಲ್ಲ ಕಡೆ ಇದೇ ಕಥೆ.

ದುಬೈ ಕನ್ನಡಿಗ:
ನಮ್ಮ ಕಡೆ ಉಲ್ಟಾ. ಪರ್ಷಿಯನ್ ಕೊಲ್ಲಿಯ ನೀರು 40ರ ಆಸುಪಾಸು. ಬಿಸಿಲಿಗೆ ನೀರು ಆವಿಯಾಗುವುದು ಜಾಸ್ತಿ, ಬಂದು ಸೇರುವ ಸಿಹಿನೀರು ಕಡಿಮೆ. ಇಲ್ಲಿ ಸಮುದ್ರದ ನೀರು ತಂದವರು ಆರ್‌ಒ ನೀರು ಬೆರೆಸಿ ಇಳಿಸಿಕೊಳ್ಳಬೇಕು. ಅದಕ್ಕೆ 35 ಅಂತ ಮೀಟರ್ ಹೊಂದಿಸಿದರೆ ಮುಗಿದೇ ಹೋಯಿತು.

ಮಲ್ಪೆ ಕಡಲು:
ಆಯಿತು, ಒಪ್ಪಿದೆ. ಆದರೆ ಮಳೆ ನಿಂತ ಮೇಲೆ ಬೋಟಿನವರಿಗೆ ಹೇಳಿ ದೂರದಿಂದ ತರಿಸಿದ ನೀರು ಟ್ಯಾಂಕಿಗೆ ಬಹಳ ಒಳ್ಳೆಯದು. ಪ್ಯಾಕೆಟ್ ಉಪ್ಪಿಗಿಂತ ನನಗೆ ಅದೇ ಇಷ್ಟ.

ಹುಬ್ಬಳ್ಳಿ ಹೊಸಬ:
ಆ 35ರ ದ್ರಾವಣ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳಲು ಆಗುತ್ತದೆಯೇ?

ಕ್ಲೌನ್‌ಪ್ರಿಯ:
ಆಗುತ್ತದೆ. ಅಡುಗೆ ಉಪ್ಪು 36.5 ಗ್ರಾಂ, ಡಿಸ್ಟಿಲ್ಡ್ ನೀರು 963.5 ಗ್ರಾಂ. ನೀರನ್ನೂ ತೂಕದಲ್ಲೇ ಅಳೆಯಿರಿ. ಒಟ್ಟು ಒಂದು ಕಿಲೋ. ಈ 3.65 ಶೇಕಡಾ ಉಪ್ಪಿನ ನೀರಿಗೂ 35 ಪಿಪಿಟಿ ಸಮುದ್ರದ ನೀರಿಗೂ ಬೆಳಕು ಒಂದೇ ಸಮ ಬಾಗುತ್ತದೆ. ಇದನ್ನು ಹಾಕಿ ಸ್ಕ್ರೂ ತಿರುಗಿಸಿ 35ಕ್ಕೆ ನಿಲ್ಲಿಸಿ.

ಎಚ್ಚರಿಕೆ: ಇದು ರಿಫ್ರಾಕ್ಟೋಮೀಟರಿಗೆ ಮಾತ್ರ. ವಿದ್ಯುತ್ ವಾಹಕತೆ ಅಳೆಯುವ ಪೆನ್ ಮೀಟರಿಗೆ ಬೇರೆ ಪ್ರಮಾಣ ಬೇಕು.

ಗೃಹಿಣಿ ರೀಫ್:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಲ್ಲುಪ್ಪು ಬೇಡ. ಅದರಲ್ಲಿ ತೇವ ಇರುತ್ತದೆ, ತೂಕದಲ್ಲಿ ಮೋಸ ಆಗುತ್ತದೆ. ಪುಡಿ ಉಪ್ಪು ತೆಗೆದುಕೊಳ್ಳಿ. ಅಯೋಡಿನ್ ಇದ್ದರೂ ಪರವಾಗಿಲ್ಲ, ಅದು ತೀರಾ ಸ್ವಲ್ಪ. ಮಳೆಗಾಲವಾದರೆ ಪುಡಿ ಉಪ್ಪೂ ಪಸೆ ಎಳೆದಿರುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಮುಚ್ಚಿಟ್ಟು ಆರಿಸಿ, ಆಮೇಲೆ ತೂಗಿ.

ನೂರು ಗ್ರಾಂ ಲೆಕ್ಕದಲ್ಲಿ 3.65 ಗ್ರಾಂ ತೂಗಲು ಹೋಗಬೇಡಿ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸುತ್ತದೆ. ಒಂದು ಕಿಲೋ ಮಾಡಿದರೆ ಆ ತಪ್ಪು ಸಣ್ಣದಾಗುತ್ತದೆ. ಹತ್ತನೇ ಒಂದು ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಈ ನೀರನ್ನು ಟ್ಯಾಂಕಿಗೆ ಮಾತ್ರ ಹಾಕಬೇಡಿ.

ನಿಧಾನಿ:
ಅಡುಗೆಮನೆ ಆರ್‌ಒ ನೀರಿನಲ್ಲಿ ಸೊನ್ನೆ ಮಾಡಿದ್ದೇ ತಪ್ಪು ಅಂತ ನನ್ನ ಅನುಮಾನ. ಈಗಿನ ಫಿಲ್ಟರುಗಳು ಖನಿಜ ಬೆರೆಸಿ ಕೊಡುತ್ತವೆ.

ಫಿಸಿಕ್ಸ್ ಮೇಡಂ:
ಲೆಕ್ಕ ಹಾಕೋಣ. ಅಂಥ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಪ್ರಮಾಣ) 100 ಅಂದುಕೊಳ್ಳಿ. ಲೀಟರಿಗೆ 100 ಮಿಲಿಗ್ರಾಂ, ಅಂದರೆ 0.1 ಪಿಪಿಟಿ. ಮೀಟರಿನ ಒಂದು ಗೆರೆಯೇ 1 ಪಿಪಿಟಿ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಬೋರ್‌ವೆಲ್ ನೀರಿನಲ್ಲಿ ಸೊನ್ನೆ ಮಾಡಬೇಡಿ. ನಮ್ಮ ಕೆಲವು ಕಡೆ ಬೋರಿನ ಟಿಡಿಎಸ್ 1000 ದಾಟುತ್ತದೆ. ಅಲ್ಲಿ ಒಂದು ಗೆರೆ ಹೋಯಿತು.

ಟ್ಯಾಂಕಿಗೆ ಹಾಕುವ ನೀರಿನ ವಿಷಯ ಬೇರೆ. ಅಲ್ಲಿ ನೈಟ್ರೇಟ್, ಫಾಸ್ಫೇಟ್ ಸೇರಿ ಪಾಚಿ ಬರುತ್ತದೆ, ಶುದ್ಧ ನೀರೇ ಬೇಕು.

ರಾಯಚೂರು ಬಿಸಿಲು:
ನನ್ನ ಮೀಟರ್ ಮೇಲೆ ಎಟಿಸಿ ಅಂತ ಇದೆ. ಉಷ್ಣತೆಯನ್ನು ತಾನೇ ಸರಿ ಮಾಡಿಕೊಳ್ಳುತ್ತದಂತೆ. ಆದರೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬರುತ್ತದೆ. ಟ್ಯಾಂಕಿನ ನೀರು 26 ಡಿಗ್ರಿ, ಅದನ್ನು 20ಕ್ಕೆ ತಣಿಸಿ ಹಾಕಬೇಕಾ?

ಫಿಸಿಕ್ಸ್ ಮೇಡಂ:
ತಣಿಸುವುದು ಬೇಡ. ಒಂದು ಹನಿ ನೀರು ಪ್ರಿಸಂ ಮೇಲೆ ಬಿದ್ದ ಅರ್ಧ ನಿಮಿಷದಲ್ಲಿ ಪ್ರಿಸಂನ ಉಷ್ಣತೆಗೇ ಬರುತ್ತದೆ. ಹಾಕಿದ ತಕ್ಷಣ ಓದದೆ ಸ್ವಲ್ಪ ಕಾಯಿರಿ, ಅಷ್ಟೇ.

ಎಟಿಸಿ ಅಂದರೆ ಒಳಗೆ ಎರಡು ಲೋಹದ ಪಟ್ಟಿ ಅಂಟಿಸಿರುತ್ತಾರೆ. ಮೀಟರ್ ಬಿಸಿಯಾದಾಗ ಪಟ್ಟಿ ಬಾಗಿ ಗೆರೆಯನ್ನು ಸರಿಸುತ್ತದೆ. ಸಾಮಾನ್ಯವಾಗಿ ಅದು ಕೆಲಸ ಮಾಡುವುದು 10ರಿಂದ 30 ಡಿಗ್ರಿವರೆಗೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಮನೆಯೊಳಗೇ 35 ದಾಟುತ್ತದಲ್ಲ, ಅಲ್ಲಿ ಎಟಿಸಿ ಕೈಬಿಡುತ್ತದೆ. ಸರಿದೂಗಿಸದಿದ್ದರೆ ಒಂದು ಡಿಗ್ರಿಗೆ ಹತ್ತಿರಹತ್ತಿರ ಅರ್ಧ ಪಿಪಿಟಿ ತಪ್ಪು ಬರುತ್ತದೆ. ಬೆಳಿಗ್ಗೆ ತಂಪಿನಲ್ಲಿ ಅಳೆಯಿರಿ. ಅಥವಾ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಮೊದಲು 35ರ ದ್ರಾವಣ ಹಾಕಿ ಹೊಂದಿಸಿ, ಬೆನ್ನಿಗೇ ಟ್ಯಾಂಕಿನ ನೀರು ಹಾಕಿ. ಎರಡಕ್ಕೂ ತಪ್ಪು ಒಂದೇ ಆಗಿರುವುದರಿಂದ ಹೊಡೆದುಹೋಗುತ್ತದೆ.

ರಾಯಚೂರು ಬಿಸಿಲು:
ಇದನ್ನು ಯಾರೂ ಹೇಳಿರಲಿಲ್ಲ. ತುಂಬಾ ಧನ್ಯವಾದ ಮೇಡಂ.

ವಿಜಯಪುರ ದ್ರಾಕ್ಷಿ:
ನಮ್ಮ ತೋಟದಲ್ಲಿ ದ್ರಾಕ್ಷಿಯ ಸಿಹಿ ನೋಡಲು ಬ್ರಿಕ್ಸ್ ಮೀಟರ್ ಇದೆ. ನೋಡಲು ಥೇಟ್ ಇದೇ ಥರ. ಮಗನ ಉಪ್ಪುನೀರಿನ ಟ್ಯಾಂಕಿಗೆ ಅದನ್ನೇ ಬಳಸಬಹುದಾ?

ಫಿಸಿಕ್ಸ್ ಮೇಡಂ:
ತತ್ವ ಒಂದೇ, ಗೆರೆ ಬೇರೆ. 35 ಪಿಪಿಟಿ ನೀರು ಬ್ರಿಕ್ಸ್‌ನಲ್ಲಿ ಸುಮಾರು 4.4 ತೋರಿಸುತ್ತದೆ. ನಿಮ್ಮ ಮೀಟರಿನ ಒಂದು ಸಣ್ಣ ಗೆರೆ 0.2 ಬ್ರಿಕ್ಸ್ ಆಗಿದ್ದರೆ ಅದು ಉಪ್ಪಿನಲ್ಲಿ ಒಂದೂವರೆ ಪಿಪಿಟಿಗಿಂತ ಜಾಸ್ತಿ. ಅಷ್ಟು ದಪ್ಪ ಅಳತೆ ಸಾಲದು. ಮಗನಿಗೆ ಬೇರೆ ಕೊಡಿಸಿ.

ವಿಜಯಪುರ ದ್ರಾಕ್ಷಿ:
ಸರಿ ಮೇಡಂ, ಕೊಡಿಸುತ್ತೇನೆ.

ಜಯನಗರದ ಟ್ಯಾಂಕ್:
35ರ ದ್ರಾವಣ ಬಂತು, ಹಾಕಿ ನೋಡಿದೆ. ಸೊನ್ನೆ ಸರಿ ಇಟ್ಟುಕೊಂಡೇ ಹಾಕಿದರೆ 36 ಮತ್ತು 37ರ ನಡುವೆ ಬಂತು. ಗೃಹಿಣಿ ರೀಫ್ ಅವರು ಹೇಳಿದಂತೆ ಮನೆಯಲ್ಲೂ ಮಾಡಿದೆ. ಅದೂ ಅಲ್ಲೇ ನಿಂತಿತು. ಅಂದರೆ ಇದು ಬರೀ ಉಪ್ಪಿನ ಮೀಟರ್. ಈಗ ಸ್ಕ್ರೂ ತಿರುಗಿಸಿ 35ಕ್ಕೆ ನಿಲ್ಲಿಸಿದ್ದೇನೆ. ಟ್ಯಾಂಕಿನ ನೀರು 35.5 ಅನ್ನಬಹುದು. ಅಂಗಡಿಯವರ ಡಿಜಿಟಲ್ ಹೇಳಿದ್ದೇ ನಿಜಕ್ಕೆ ಹತ್ತಿರ.

ಆದರೆ ಈಗ ಆರ್‌ಒ ನೀರು ಹಾಕಿದರೆ ಗೆರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮತ್ತೆ ಸೊನ್ನೆ ಮಾಡಲೇ?

ಕ್ಲೌನ್‌ಪ್ರಿಯ:
ಬೇಡ! ಮಾಡಿದರೆ ಮತ್ತೆ 36.5ಕ್ಕೆ ವಾಪಸ್. ಸೊನ್ನೆ ಕೆಳಗೆ ಹೋಗಲಿ ಬಿಡಿ. ನಿಮಗೆ ಬೇಕಾದ ಜಾಗ 35, ಅಲ್ಲಿ ಸರಿ ಇದ್ದರೆ ಸಾಕು. ಎಲ್ಲಿ ಅಳೆಯುತ್ತೀರೋ ಅದರ ಹತ್ತಿರದಲ್ಲೇ ಹೊಂದಿಸಬೇಕು.

ದ್ರಾವಣದ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ. ತೆರೆದಿಟ್ಟರೆ ನೀರು ಆರಿ 35 ಇದ್ದದ್ದು 36, 37 ಆಗುತ್ತದೆ.

ನಿಧಾನಿ:
ಹಾಗಾದರೆ ಬಿಳಿ ಚುಕ್ಕೆ ರೋಗಕ್ಕೆ ಉಪ್ಪು ಇಳಿಸಿ ಚಿಕಿತ್ಸೆ ಮಾಡುವವರ ಗತಿ? ಅಲ್ಲಿ 1.009ರಲ್ಲಿ ವಾರಗಟ್ಟಲೆ ಇಡಬೇಕು. ಸ್ವಲ್ಪ ಮೇಲೆ ಹೋದರೆ ಪರೋಪಜೀವಿ ಬದುಕುತ್ತದೆ, ಕೆಳಗೆ ಹೋದರೆ ಮೀನಿಗೆ ಕಷ್ಟ.

ಫಿಸಿಕ್ಸ್ ಮೇಡಂ:
ಒಳ್ಳೆಯ ಪ್ರಶ್ನೆ. 1.009 ಅಂದರೆ ಸುಮಾರು 12 ಪಿಪಿಟಿ. ಜಯನಗರದವರ ಮೀಟರ್ ಈಗ 35ಕ್ಕೆ ಹೊಂದಿದೆ. ಅದರಲ್ಲಿ ನಿಜವಾದ 12 ಪಿಪಿಟಿ ನೀರು ಹಾಕಿದರೆ 11 ತೋರಿಸುತ್ತದೆ. ಅದೇ ಮೀಟರನ್ನು ಸೊನ್ನೆಗೆ ಹೊಂದಿಸಿದ್ದರೆ 12.5. ಹಾಗಾಗಿ ಚಿಕಿತ್ಸೆಗೆ ಸೊನ್ನೆಯಲ್ಲಿ ಹೊಂದಿಸುವುದೇ ಉತ್ತಮ. ಇಲ್ಲಿ ಕುಮಟಾದವರ ವಿಧಾನ ಗೆಲ್ಲುತ್ತದೆ.

ಕುಮಟಾ ಸಿಗಡಿ:
ಕೊನೆಗೂ!

ಗೃಹಿಣಿ ರೀಫ್:
ಓದುವಾಗ ಎಲ್ಲರೂ ಮರೆಯುವ ವಿಷಯ: ಬೆಳಕು. ಟ್ಯಾಂಕಿನ ನೀಲಿ ಎಲ್‌ಇಡಿ ಕೆಳಗೆ ನೋಡಿದರೆ ನೀಲಿ ಬಿಳಿ ಸೇರುವ ಅಂಚು ಮಸುಕಾಗುತ್ತದೆ. ಕಿಟಕಿ ಹತ್ತಿರ ಹೋಗಿ ಹಗಲು ಬೆಳಕಿನಲ್ಲಿ ನೋಡಿ. ಮುಚ್ಚಳದ ಕೆಳಗೆ ಗುಳ್ಳೆ ಇರಬಾರದು, ನೀರು ಇಡೀ ಪ್ರಿಸಂ ತುಂಬಬೇಕು. ಆದ ಮೇಲೆ ಶುದ್ಧ ನೀರಿನಲ್ಲಿ ಒರೆಸಿಡಿ. ಉಪ್ಪು ಒಣಗಿ ಕೂತರೆ ಮುಂದಿನ ಸಲದ ಹನಿಗೆ ಅದೂ ಕರಗಿ ಸೇರುತ್ತದೆ.

ಹುಬ್ಬಳ್ಳಿ ಹೊಸಬ:
ವಿಷಯ ಸ್ವಲ್ಪ ಬೇರೆ. ಫ್ಯಾನ್ ಗಾಳಿಗೆ ನನ್ನ ಟ್ಯಾಂಕಿನ ನೀರು ಬೇಗ ಇಳಿಯುತ್ತದೆ. ಇಳಿದಷ್ಟು ಉಪ್ಪುನೀರು ಮಾಡಿ ತುಂಬಿಸುತ್ತಿದ್ದೇನೆ. ಉಪ್ಪು ಏರುತ್ತಲೇ ಇದೆ.

ಕ್ಲೌನ್‌ಪ್ರಿಯ:
ಉಪ್ಪು ಆವಿಯಾಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಇಳಿದಷ್ಟಕ್ಕೂ ಸಿಹಿನೀರೇ ಹಾಕಬೇಕು, ಆರ್‌ಒ ನೀರು. ಉಪ್ಪುನೀರು ಹಾಕುವುದು ನೀರು ಬದಲಿಸುವಾಗ ಮಾತ್ರ. ಗಾಜಿನ ಮೇಲೆ ಒಂದು ಗೆರೆ ಎಳೆದುಕೊಳ್ಳಿ, ದಿನಾ ಅಲ್ಲಿಗೆ ತುಂಬಿಸಿ. ಈಗ ಏರಿರುವುದನ್ನು ಒಂದೇ ಸಲ ಇಳಿಸಬೇಡಿ, ಕೆಲವು ದಿನಗಳಲ್ಲಿ ಸ್ವಲ್ಪಸ್ವಲ್ಪ ಇಳಿಸಿ.

ದುಬೈ ಕನ್ನಡಿಗ:
ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಡಿಜಿಟಲ್ ಇದೆ. ಮಿಲ್ವಾಕೀ ಎಂಎ887 ಬಳಸುತ್ತಿದ್ದೇನೆ. ಸಮುದ್ರದ ನೀರಿಗೇ ಮಾಡಿದ್ದು, ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆ ಮಾಡಿದರೆ ಆಯಿತು. ಹನ್ನಾ ಕಂಪನಿಯವರ ವಾಹಕತೆ ಪೆನ್ ಕೂಡ ಇದೆ. 35 ಪಿಪಿಟಿಗೆ 25 ಡಿಗ್ರಿಯಲ್ಲಿ ವಾಹಕತೆ ಸುಮಾರು 53 ಮಿಲಿಸೀಮೆನ್ಸ್.

ನಿಧಾನಿ:
ಡಿಜಿಟಲ್ ಆದರೂ ದ್ರಾವಣ ಹಾಕಿ ಪರೀಕ್ಷೆ ಮಾಡಬೇಕು. ಪರದೆಯ ಮೇಲೆ ದಶಾಂಶ ಕಂಡ ಕೂಡಲೇ ಅದು ಸತ್ಯ ಆಗುವುದಿಲ್ಲ. ಬೆಲೆಯೂ ಜಾಸ್ತಿ. ನನ್ನ ಪ್ರಕಾರ ಉದ್ದನೆಯ ಗಾಜಿನ ಹೈಡ್ರೋಮೀಟರ್, ಅಳತೆ ಸಿಲಿಂಡರಿನಲ್ಲಿ ತೇಲಿಬಿಡುವಂಥದ್ದು, ಎಲ್ಲಕ್ಕಿಂತ ನಂಬಿಕೆಯದ್ದು. ಅದಕ್ಕೆ ಸ್ಕ್ರೂ ಇಲ್ಲ, ಪಟ್ಟಿ ಇಲ್ಲ. ಅದರ ಮೇಲೆ ಬರೆದಿರುವ ಉಷ್ಣತೆಯಲ್ಲಿ ಓದಿದರೆ ಸಾಕು. 25 ಡಿಗ್ರಿಯದ್ದಾದರೆ 35 ಪಿಪಿಟಿಗೆ 1.0264.

ಕ್ಲೌನ್‌ಪ್ರಿಯ:
ಕೈಜಾರಿ ಒಡೆಯುವವರೆಗೆ ಒಳ್ಳೆಯದೇ. ಆದರೂ ಒಪ್ಪುತ್ತೇನೆ.

ಮಲ್ಪೆ ಕಡಲು:
ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಏನು ಬಳಸುತ್ತಾರೆ ಕುಮಟಾದವರೇ? ಗೊತ್ತಿದೆಯಾ?

ಕುಮಟಾ ಸಿಗಡಿ:
ಉಪ್ಪು ಮಾಡುವ ಕಡೆ ನೀರಿನ ಗಟ್ಟಿತನವನ್ನು ಬಾಮೆ ಡಿಗ್ರಿಯಲ್ಲಿ ಹೇಳುತ್ತಾರೆ. ಸಮುದ್ರದ ನೀರು 3, 3.5 ಇರುತ್ತದೆ. 25ರ ಹತ್ತಿರ ಬಂದಾಗ ಉಪ್ಪು ಹರಳುಗಟ್ಟುತ್ತದೆ. ಅಲ್ಲಿಗೆ ನಮ್ಮ ಈ ಮೀಟರ್ ಸಾಲದು, 100 ಪಿಪಿಟಿಗೇ ಮುಗಿಯುತ್ತದೆ.

ಗೃಹಿಣಿ ರೀಫ್:
ಹೊಸಬರಿಗೆ ಇನ್ನೊಂದು ಮಾತು. 35 ಸರಿಯಾಗಿ ಹಿಡಿದ ಮೇಲೆ ಹವಳ ಇಡುವ ಆಸೆ ಬರುತ್ತದೆ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳು, ಕಡಲಕುದುರೆ ಎಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರೋ ಮಾರುತ್ತಾರೆ ಅಂತ ಕೊಳ್ಳಬೇಡಿ. ಕ್ಲೌನ್ ಕೊಳ್ಳುವಾಗಲೂ ಸಾಕಿ ಬೆಳೆಸಿದ ಮರಿ ಕೇಳಿ ಪಡೆಯಿರಿ. ಅವನ್ನು ಮರಿ ಮಾಡಿಸುವ ವಿಧಾನವನ್ನು ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ನಮ್ಮಲ್ಲೇ ರೂಪಿಸಿದ್ದಾರೆ. ಕಡಲಿನಿಂದ ಹಿಡಿದು ತಂದ ಮೀನಿಗಿಂತ ಅವು ಟ್ಯಾಂಕಿಗೆ ಬೇಗ ಒಗ್ಗುತ್ತವೆ.

ಹುಬ್ಬಳ್ಳಿ ಹೊಸಬ:
ಡಿಸ್ಟಿಲ್ಡ್ ನೀರು ಎಲ್ಲಿ ತರುವುದು? ಬ್ಯಾಟರಿ ಅಂಗಡಿಯದ್ದು ಆಗುತ್ತದೆಯೇ?

ನಿಧಾನಿ:
ಬ್ಯಾಟರಿಗೆ ಹಾಕುವ ನೀರು ಆಗುತ್ತದೆ. ಆಸಿಡ್ ಬೆರೆತ ಬಾಟಲಿ ಅಲ್ಲ ಅಂತ ನೋಡಿ ತನ್ನಿ. ಬರೀ ಸೊನ್ನೆ ಮಾಡಲು ಒಂದೆರಡು ಹನಿ ಸಾಕಾದರೆ ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ವಾಟರ್ ಕೇಳಿ. ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಸಿಗುತ್ತದೆ.

ಫಿಸಿಕ್ಸ್ ಮೇಡಂ:
ಅಲ್ಲೇ ನಾರ್ಮಲ್ ಸಲೈನ್ ಕೂಡ ಸಿಗುತ್ತದೆ, 0.9 ಶೇಕಡಾ. ಎರಡನ್ನೂ ಅದಲು ಬದಲು ಮಾಡಬೇಡಿ. ಆದರೆ ಸಲೈನ್ ಕೂಡ ಕೆಲಸಕ್ಕೆ ಬರುತ್ತದೆ. ಬರೀ ಉಪ್ಪಿನ ಮೀಟರನ್ನು ಸೊನ್ನೆ ಮಾಡಿ ಸಲೈನ್ ಹಾಕಿದರೆ 9 ತೋರಿಸಬೇಕು. ಬಿಳಿ ಚುಕ್ಕೆ ಚಿಕಿತ್ಸೆ ಶುರು ಮಾಡುವ ಮುನ್ನ ಹೀಗೆ ಒಮ್ಮೆ ನೋಡಿಕೊಂಡರೆ ಕೆಳಗಿನ ಗೆರೆಗಳು ಸರಿ ಇವೆಯೋ ಇಲ್ಲವೋ ಗೊತ್ತಾಗುತ್ತದೆ.

ಹುಬ್ಬಳ್ಳಿ ಹೊಸಬ:
ಎರಡನ್ನೂ ತರುತ್ತೇನೆ. ಸಮುದ್ರದ ನೀರಿನ ಮೀಟರ್ ಆದರೆ ಸಲೈನ್ ಎಷ್ಟು ತೋರಿಸಬೇಕು?

ಫಿಸಿಕ್ಸ್ ಮೇಡಂ:
ಎಂಟೂವರೆಯ ಹತ್ತಿರ.